ಮನೆಯಲ್ಲಿ ಒಡವೆಗಳ ಆರೈಕೆ

ಊರು ಬಿಟ್ಟು ಮುಂಬಯಿಯತ್ತ ಬಂದ ಕನ್ನಡಿಗರ ಗಂಟುಮೂಟೆಗಳಲ್ಲಿ ಪಾತ್ರೆಪಗಡಗಳೊಡನೆ ಒಂದೆರಡು ಒಡವೆಗಳೂ ಇರುತ್ತಿದ್ದುವು. ಕರಾವಳಿಯವರ ಕರಿಮಣಿ ಸರ, ಬೆಂಡೋಲೆ. ಉತ್ತರ ಕರ್ನಾಟಕದವರ ಬೋರಮಾಳ, ಪಾಟ್ಲಿ, ಬಿಲ್ವಾರ. ಹಳೆಯ ಮೈಸೂರಿನವರ ಅಡ್ಡಿಕೆ, ಓಲೆ, ಜುಮುಕಿ. ಹೀಗೆ ಒಡವೆಯ ಹೆಸರಿನಿಂದಲೇ ಅದನ್ನು ಧರಿಸಿದವರ ಸೀಮೆಯನ್ನು ಊಹಿಸಬಹುದಾಗಿತ್ತು. ದಿವಾ, ಡೊಂಬಿವಲಿ, ಕಲ್ಯಾಣಗಳಲ್ಲಿ ಮನೆ ಕೊಳ್ಳಲು ಮುಂಗಡ ಹಣ ಕಟ್ಟುವಾಗ, ಮಕ್ಕಳ ಕಾಲೇಜು ಶುಲ್ಕಕ್ಕೆ, ಆಸ್ಪತ್ರೆಯ ವೆಚ್ಚಕ್ಕೆ ಅನೇಕ ಸಂಸಾರಗಳಿಗೆ ಆಸರೆಯಾದುದು ಗೃಹಿಣಿಯ ಬಳೆ ಮತ್ತು ಸರಗಳೇ. ಆದರೂ ಬ್ಯಾಂಕಿನ ಪಾಸ್‌ಬುಕ್ಕಿನ ಮೇಲಿರುವ ಲಕ್ಷ್ಯವು ಈ ಸಂಪತ್ತಿನ ಮೇಲೆ ಇರುವುದಿಲ್ಲ. ಕಳ್ಳರ ಭಯವನ್ನು ಎಲ್ಲರೂ ಬಲ್ಲರು. ಮನೆಯೊಳಗೇ ಒಡವೆಯು ದಿನದಿನವೂ ಸವೆಯುವುದನ್ನು ಗಮನಿಸುವವರು ವಿರಳ.

ಸವೆತದ ಕಾರಣಗಳು

ಅಪ್ಪಟ ಚಿನ್ನ 24 ಕ್ಯಾರಟ್‌ನದು. ಅದು ಮೃದುವಾದುದರಿಂದ ತಾಮ್ರ, ಬೆಳ್ಳಿ ಮುಂತಾದುವನ್ನು ಬೆರೆಸಿ 22 ಕ್ಯಾರಟ್‌ನ ಒಡವೆಗಳನ್ನು ಮಾಡುತ್ತಾರೆ. ಇದರಲ್ಲಿ ಚಿನ್ನದ ಅಂಶ ಶೇಕಡಾ 91.6. ಈ ಬೆರಕೆಯಿಂದ ಗಟ್ಟಿತನ ಬಂದರೂ ಒಂದರ ಮೇಲೊಂದು ಉಜ್ಜಿದಾಗ ಚಿನ್ನ ಸವೆಯುವುದು ತಪ್ಪದು. ಎಲ್ಲ ಒಡವೆಗಳನ್ನೂ ಒಂದೇ ಡಬ್ಬಿಯಲ್ಲಿ ತುಂಬಿಡುವುದು ಇದಕ್ಕೆ ಮುಖ್ಯ ಕಾರಣ. ವಜ್ರವು ಎಲ್ಲಕ್ಕಿಂತ ಗಟ್ಟಿಯಾದ ಹರಳು. ಅದು ಪಕ್ಕದಲ್ಲಿರುವ ಚಿನ್ನ, ಮುತ್ತು ಯಾವುದನ್ನಾದರೂ ಗೀರಬಲ್ಲುದು. ಒಂದೊಂದನ್ನೂ ಬೇರೆ ಬೇರೆ ಮೆತ್ತನೆಯ ಹತ್ತಿಬಟ್ಟೆಯಲ್ಲಿ ಸುತ್ತಿಡುವುದೇ ಸರಿಯಾದ ಕ್ರಮ.

ದಿವಾ ಜಂಕ್ಷನ್ನಿನಲ್ಲಿ ಬೆಳಗಿನ ಲೋಕಲ್ ಗಾಡಿ ಹತ್ತುವವರಿಗೆ ನೂಕುನುಗ್ಗಲಿನ ಪರಿಚಯ ಹೇಳಬೇಕಾಗಿಲ್ಲ. ದಿನವೂ ಧರಿಸುವ ಸರದ ಕೊಂಡಿ, ಓಲೆಯ ತಿರುಪು, ಕರಿಮಣಿ ಪೋಣಿಸಿದ ತಂತಿ ಇವುಗಳನ್ನು ತಿಂಗಳಿಗೊಮ್ಮೆಯಾದರೂ ಬೆಳಕಿನಲ್ಲಿ ಹಿಡಿದು ಪರೀಕ್ಷಿಸಬೇಕು. ತೆಳುವಾದ ಕೊಂಡಿಯನ್ನು ಬದಲಿಸುವ ಖರ್ಚು ಅತ್ಯಲ್ಪ. ಸರವೇ ಜಾರಿಹೋದರೆ ಆಗುವ ನಷ್ಟ ಅಪಾರ.

ತೊಳೆಯುವ ಕ್ರಮ

ಉಗುರುಬೆಚ್ಚಗಿನ ನೀರಿಗೆ ಸೌಮ್ಯವಾದ ಸಾಬೂನಿನ ಕೆಲವು ಹನಿ ಅಥವಾ ಅಂಟುವಾಳಕಾಯಿಯ ನೊರೆ ಬೆರೆಸಿ ಹತ್ತು ನಿಮಿಷ ನೆನೆಹಾಕಿ, ಮಕ್ಕಳ ಮೆತ್ತನೆಯ ಬ್ರಷ್ಷಿನಿಂದ ಸಂದುಗಳನ್ನು ಉಜ್ಜಿದರೆ ಚಿನ್ನಕ್ಕೆ ಸಾಕು. ಅಂಟುವಾಳದ ನೊರೆ ಕಣ್ಣಿಗೆ ತಾಗದಂತೆ ಎಚ್ಚರ ವಹಿಸಬೇಕು. ತೊಳೆಯುವುದು ಬೋಗುಣಿಯಲ್ಲಿರಲಿ, ನಲ್ಲಿಯ ಕೆಳಗೆ ಬೇಡ. ನೀರನ್ನು ಚೆಲ್ಲುವ ಮೊದಲು ಸೋಸಿ ನೋಡಿದರೆ ಕಳಚಿಬಿದ್ದ ಹರಳು ಕೈಗೆ ಸಿಕ್ಕೀತು. ಟೂತ್‌ಪೇಸ್ಟ್, ಪಾತ್ರೆ ತೊಳೆಯುವ ಪುಡಿಗಳು ಹೊಳಪು ಕೊಡುವಂತೆ ಕಂಡರೂ ಮೇಲ್ಮೈಯನ್ನು ತೇಯುತ್ತವೆ. ಬಟ್ಟೆ ಬಿಳುಪಾಗಿಸುವ ಬ್ಲೀಚಿನಲ್ಲಿರುವ ಕ್ಲೋರಿನ್ ಬೆರಕೆಯ ಲೋಹವನ್ನೂ ಬೆಸುಗೆಯನ್ನೂ ದುರ್ಬಲಗೊಳಿಸುತ್ತದೆ. ಒಳಗೆ ಅರಗು ತುಂಬಿದ ಗುಂಡುಗಳ ಸರವನ್ನು ನೀರಿನಲ್ಲಿ ನೆನೆಹಾಕಲೇಬಾರದು. ಬಿಸಿ ತಾಗಿದರೆ ಅರಗು ಮೆದುವಾಗುತ್ತದೆ.

ಮುತ್ತಿನ ವಿಚಾರ ಬೇರೆಯೇ. ಅದರ ಬಹುಭಾಗ ಸುಣ್ಣದ ಅಂಶವಾದುದರಿಂದ ಹುಳಿ, ಬೆವರು, ಅತ್ತರು ಅದಕ್ಕೆ ವೈರಿಗಳು. ಅಲಂಕಾರವೆಲ್ಲ ಮುಗಿದ ಮೇಲೆ ಧರಿಸಿ, ಮನೆಗೆ ಬಂದೊಡನೆ ಮೊದಲು ತೆಗೆದು, ಒದ್ದೆಬಟ್ಟೆಯಿಂದ ಒರಸಿಡಬೇಕು. ಹವಳಕ್ಕೂ ಇದೇ ನಿಯಮ. ಪಚ್ಚೆಯ ಸೂಕ್ಷ್ಮ ಬಿರುಕುಗಳಿಗೆ ಸಾಮಾನ್ಯವಾಗಿ ಎಣ್ಣೆ ತುಂಬಿರುತ್ತಾರೆ. ಬಿಸಿನೀರು ಅದನ್ನು ಹೊರಗೆಡಹುತ್ತದೆ.

ಖಾಡಿಯ ದಡದ ತೇವಗಾಳಿ, ಕೆಸರಿನಿಂದಲೂ ಕೊಳೆಯುವ ಕಸದಿಂದಲೂ ಹೊಮ್ಮುವ ಗಂಧಕಯುಕ್ತ ವಾಯು ಬೆಳ್ಳಿಯನ್ನು ಬೇಗ ಕಪ್ಪಾಗಿಸುತ್ತವೆ. ಪಾತ್ರೆಯೊಂದರ ತಳಕ್ಕೆ ಅಲ್ಯೂಮಿನಿಯಮ್ ಹಾಳೆ ಹಾಸಿ, ಬಿಸಿನೀರು, ಅಡುಗೆ ಸೋಡಾ ಮತ್ತು ಉಪ್ಪು ಹಾಕಿ, ಬೆಳ್ಳಿಯು ಹಾಳೆಗೆ ತಾಗುವಂತೆ ಕೆಲವು ನಿಮಿಷ ಇರಿಸಿದರೆ ಕಪ್ಪಿನಲ್ಲಿರುವ ಗಂಧಕವು ಅಲ್ಯೂಮಿನಿಯಮ್ಮಿಗೆ ವರ್ಗವಾಗಿ ಬೆಳ್ಳಿ ಉಳಿಯುತ್ತದೆ. ಉಜ್ಜಿ ತೆಗೆದರೆ ಕಪ್ಪಿನೊಡನೆ ಬೆಳ್ಳಿಯೂ ಹೋಗುತ್ತದೆ. ಹರಳು ಕೂರಿಸಿದ ಬೆಳ್ಳಿಗೆ ಈ ವಿಧಾನ ಸಲ್ಲದು. ರಬ್ಬರ್ ಬ್ಯಾಂಡಿನಲ್ಲಿಯೂ ಗಂಧಕವಿರುವುದರಿಂದ ಅದನ್ನು ಬೆಳ್ಳಿಗೆ ಸುತ್ತಬಾರದು.

ಬಾಗಿಲಿಗೆ ಬರುವ ಪಾಲಿಶ್‌ನವರು

ಮಧ್ಯಾಹ್ನ ಗಂಡಸರಿಲ್ಲದ ವೇಳೆ ನೋಡಿ ಬರುವ, ಅಗ್ಗದಲ್ಲಿ ಹೊಳಪು ಮಾಡಿಕೊಡುವ ಅಪರಿಚಿತರ ವಂಚನೆ ಹಳೆಯದಾದರೂ ಇನ್ನೂ ನಿಂತಿಲ್ಲ. ನೈಟ್ರಿಕ್ ಆಮ್ಲವೊಂದಕ್ಕೆ ಚಿನ್ನ ಜಗ್ಗದು, ಹೈಡ್ರೋಕ್ಲೋರಿಕ್ ಆಮ್ಲವೊಂದಕ್ಕೂ ಜಗ್ಗದು. ಎರಡೂ ಕೂಡಿದರೆ ಕರಗುತ್ತದೆ. ಅಂತಹ ದ್ರಾವಣದಲ್ಲಿ ಅದ್ದಿ ತೆಗೆದ ಬಳೆ ಹೊಸದರಂತೆ ಥಳಥಳಿಸುತ್ತದೆ. ಕಳೆದುಹೋದ ಗ್ರಾಮುಗಳು ಪಾತ್ರೆಯೊಡನೆ ಹೊರಟುಹೋಗುತ್ತವೆ. ತಕ್ಕಡಿಯಲ್ಲಿ ತೂಗಿದಾಗಲೇ ನಿಜ ತಿಳಿಯುವುದು. ಪಾಲಿಶ್ ಬೇಕಾದರೆ ಪರಿಚಿತ ಅಂಗಡಿಯಲ್ಲಿ, ಮೊದಲೂ ಆಮೇಲೂ ಕಣ್ಣೆದುರು ತೂಗಿಸಿಯೇ ಮಾಡಿಸಬೇಕು.

ಮೈಯ ಆರೋಗ್ಯ

ಉಂಗುರದ ಕೆಳಗೆ ಸಾಬೂನು, ತೇವ ನಿಂತರೆ ತುರಿಕೆ, ಕಜ್ಜಿ ಉಂಟಾಗುತ್ತವೆ. ಗಿಲೀಟು ಒಡವೆಗಳಲ್ಲಿರುವ ನಿಕ್ಕಲ್ ಅನೇಕರ ಕಿವಿ, ಕುತ್ತಿಗೆಗೆ ಒಗ್ಗುವುದಿಲ್ಲ. ಗರ್ಭಿಣಿಯರಿಗೆ ಬೆರಳು ಬಾತುಕೊಳ್ಳುವುದುಂಟು; ಬಿಗಿಯಾಗುವ ಮೊದಲೇ ಉಂಗುರ ತೆಗೆದಿಡುವುದು ಕ್ಷೇಮ. ಕೈಗೆ ಪೆಟ್ಟು ಬಿದ್ದಾಗ ಮೊದಲ ಕೆಲಸವೂ ಅದೇ. ಹಳೆಯ ಜ್ವರಮಾಪಕ ಒಡೆದು ಪಾದರಸ ಚೆಲ್ಲಿದರೆ ಚಿನ್ನ ಧರಿಸಿದ ಕೈಯಿಂದ ಮುಟ್ಟಬಾರದು; ಪಾದರಸ ಚಿನ್ನದೊಡನೆ ಕೂಡಿ ಅದನ್ನು ಬೆಳ್ಳಗೂ ಪೆಡಸಾಗಿಯೂ ಮಾಡುತ್ತದೆ. ಅಂತಹ ಒಡವೆಯನ್ನು ಮನೆಯಲ್ಲಿ ಕಾಸಲೂಬಾರದು. ಪಾದರಸದ ಆವಿ ವಿಷ.

ಲೆಕ್ಕ ಮತ್ತು ಲಾಕರ್

ಒಡವೆಗೂ ಒಂದು ಖಾತೆ ಬೇಕು. ಹೆಸರು, ತೂಕ, ಕೊಂಡ ವರ್ಷ, ರಸೀತಿ, ಎರಡು ಬದಿಯ ಛಾಯಾಚಿತ್ರ ಇಷ್ಟನ್ನು ಒಂದು ಪುಸ್ತಕದಲ್ಲಿ ದಾಖಲಿಸಿ, ಪ್ರತಿಯನ್ನು ಬೇರೆ ಕಡೆ ಇಡಬೇಕು. ಚಿನ್ನಕ್ಕೆ ಹಾಲ್‌ಮಾರ್ಕ್ ಪದ್ಧತಿ 2000ದಲ್ಲಿ ಬಂದಿತು. 2021ರ ಜೂನ್ 16ರಿಂದ ಹಂತಹಂತವಾಗಿ ಕಡ್ಡಾಯವಾಯಿತು. 2023ರ ಏಪ್ರಿಲ್‌ನಿಂದ ಅಂಗಡಿಗಳು ಮಾರುವ ಹಾಲ್‌ಮಾರ್ಕ್ ಒಡವೆಯ ಮೇಲೆ ಆರು ಅಕ್ಷರ-ಅಂಕಿಗಳ ಗುರುತು ಇರಬೇಕು; ಅದನ್ನೂ ಬರೆದಿಡುವುದು ಲೇಸು. ಅಜ್ಜಿಯ ಕಾಲದ ಒಡವೆಗೆ ಈ ಮುದ್ರೆ ಇಲ್ಲವೆಂದು ಮುರಿಸುವ ಅಗತ್ಯವಿಲ್ಲ; ಮಾನ್ಯತೆ ಪಡೆದ ಪರೀಕ್ಷಾ ಕೇಂದ್ರದಲ್ಲಿ ಶುದ್ಧತೆ ತಿಳಿಯಬಹುದು. ಪ್ರತಿಸಲ ಮುರಿಸಿ ಮಾಡಿಸಿದಾಗಲೂ ಮಜೂರಿ, ಸವಕಳಿಗಳ ನಷ್ಟ ತಪ್ಪಿದ್ದಲ್ಲ. ಒತ್ತೆಯಿಟ್ಟು ಸಾಲ ಪಡೆಯುವಾಗ ಕಲ್ಲು, ಅರಗುಗಳ ತೂಕ ಲೆಕ್ಕಕ್ಕೆ ಬಾರದೆಂಬುದೂ ನೆನಪಿರಲಿ.

ಬ್ಯಾಂಕಿನ ಲಾಕರ್ ಸುರಕ್ಷಿತವೆಂಬುದು ನಿಜ, ಅದಕ್ಕೂ ನಿಯಮಗಳುಂಟು. ರಿಸರ್ವ್ ಬ್ಯಾಂಕಿನ 2021ರ ಸೂಚನೆಗಳು 2022ರ ಜನವರಿಯಿಂದ ಜಾರಿಗೆ ಬಂದುವು. ಅವುಗಳಂತೆ ಬೆಂಕಿ, ಕಳವು, ಕಟ್ಟಡದ ಕುಸಿತ, ನೌಕರರ ವಂಚನೆಗಳಿಂದಾದ ನಷ್ಟಕ್ಕೆ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ ನೂರು ಪಟ್ಟಿನವರೆಗೆ. ಪ್ರಕೃತಿ ವಿಕೋಪಕ್ಕೆ ಆ ಹೊಣೆಯಿಲ್ಲ. 2005ರ ಜುಲೈ 26ರ ಮಹಾಪ್ರಳಯವನ್ನು ಕಂಡ ಈ ಭಾಗದವರು ಲಾಕರಿನೊಳಗೂ ಒಡವೆಯನ್ನು ನೀರು ಹೋಗದ ಡಬ್ಬಿಯಲ್ಲಿಡುವುದು ವಿವೇಕ. ಮುತ್ತುಗಳನ್ನು ಮಾತ್ರ ಆಗಾಗ ತೆರೆದು ಗಾಳಿಯಾಡಿಸಬೇಕು. ಬಾಡಿಗೆ ಕಟ್ಟುತ್ತಿದ್ದರೂ ಏಳು ವರ್ಷ ತೆರೆಯದ ಲಾಕರನ್ನು ನಿಯಮಾನುಸಾರ ಬ್ಯಾಂಕು ತೆರೆಯಬಹುದಾದ್ದರಿಂದ ವರ್ಷಕ್ಕೊಮ್ಮೆಯಾದರೂ ಹೋಗಿ ನೋಡಿಬರಬೇಕು. ನಾಮನಿರ್ದೇಶನವನ್ನು ಮರೆಯಬಾರದು.

ಸ್ತ್ರೀಧನವು ಪತ್ನಿಯ ಸ್ವಂತ ಆಸ್ತಿ, ಗಂಡನ ಮನೆಯವರ ವಶದಲ್ಲಿದ್ದರೂ ಅದರ ಒಡೆತನ ಅವಳದೇ ಎಂದು 1985ರಲ್ಲಿ ಪ್ರತಿಭಾ ರಾಣಿ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿದೆ. ಆದುದರಿಂದ ಒಡವೆಯ ಪುಸ್ತಕವನ್ನು ಬರೆಯುವವಳೂ, ಅದರ ಬೀಗದ ಕೈ ಎಲ್ಲಿದೆಯೆಂದು ಬಲ್ಲವಳೂ ಮನೆಯ ಹೆಣ್ಣುಮಗಳೇ ಆಗಿರಬೇಕು. ಒಂದು ಸಂಜೆಯ ಬಿಡುವು, ಒಂದು ಬೋಗುಣಿ ನೀರು, ಒಂದು ನೂರು ಪುಟದ ಪುಸ್ತಕ: ಕಷ್ಟಕಾಲಕ್ಕೆಂದು ಕೂಡಿಟ್ಟ ಸಂಪತ್ತು ಆ ಕಾಲ ಬಂದಾಗ ತೂಕ ಕಡಿಮೆಯಾಗದೆ ಕೈಗೆ ಒದಗಲು ಇಷ್ಟೇ ಸಾಕು.