ಹತ್ತು ಮಿಲಿಮೀಟರಿನ ಕಾವಲು

ಶಾಂಘೈ ನಗರದಿಂದ ಪುಡೋಂಗ್ ವಿಮಾನ ನಿಲ್ದಾಣಕ್ಕೆ ಹೋಗುವ ಮ್ಯಾಗ್ಲೆವ್ ರೈಲನ್ನು ಗಂಟೆಗೆ 431 ಕಿ.ಮೀ. ವೇಗಕ್ಕೆಂದು ಕಟ್ಟಲಾಗಿದೆ. ಅದಕ್ಕೆ ಚಕ್ರವಿಲ್ಲ. ಬೋಗಿಯ ಎರಡು ಪಕ್ಕಗಳೂ ದಾರಿಯನ್ನು ತಬ್ಬಿಕೊಂಡು ಅದರ ಅಡಿಗೆ ಬಾಗಿರುತ್ತವೆ. ಅಲ್ಲಿರುವ ವಿದ್ಯುತ್ಕಾಂತಗಳು ಮೇಲಿರುವ ದಾರಿಯ ಉಕ್ಕಿನತ್ತ ಸೆಳೆಯಲ್ಪಡುತ್ತವೆ; ಆ ಸೆಳೆತಕ್ಕೇ ಇಡೀ ರೈಲು ಮೇಲೇಳುತ್ತದೆ. ಕಾಂತಕ್ಕೂ ಉಕ್ಕಿಗೂ ನಡುವೆ ಉಳಿಯುವ ಸಂದು ಸುಮಾರು 10 ಮಿಲಿಮೀಟರ್.

ಆ ಸಂದನ್ನು ಕಾಯುವುದೇ ಕಷ್ಟದ ಕೆಲಸ. ವಿದ್ಯುತ್ತು ಅಷ್ಟೇ ಇದ್ದು ಸಂದು 9 ಮಿಲಿಮೀಟರಿಗೆ ಇಳಿದರೆ ಸೆಳೆತ ಶೇ 23ರಷ್ಟು ಏರುತ್ತದೆ, 8ಕ್ಕೆ ಇಳಿದರೆ ಶೇ 56ರಷ್ಟು. ಸುಮ್ಮನೆ ಬಿಟ್ಟರೆ ಕಾಂತ ಉಕ್ಕಿಗೆ ಹೋಗಿ ಅಪ್ಪಳಿಸುತ್ತದೆ, ಇಲ್ಲವೇ ರೈಲು ಕೆಳಗೆ ಕೂರುತ್ತದೆ. ಬದಲಾಗದ ಕಾಂತಗಳ ಬಲವೊಂದರಿಂದಲೇ ವಸ್ತುವನ್ನು ಸ್ಥಿರವಾಗಿ ತೇಲಿಸಲಾಗದು ಎಂಬುದನ್ನು ಸ್ಯಾಮ್ಯುಯೆಲ್ ಅರ್ನ್‌ಶಾ 1842ರಲ್ಲೇ ಗಣಿತದಿಂದ ತೋರಿಸಿದ್ದರು. ಹಾಗಾಗಿ ಸೆನ್ಸರ್‌ಗಳು ಸೆಕೆಂಡಿಗೆ ಸಾವಿರಾರು ಸಲ ಸಂದನ್ನು ಅಳೆಯುತ್ತವೆ, ನಿಯಂತ್ರಕವು ಸುರುಳಿಯ ವಿದ್ಯುತ್ತನ್ನು ಏರಿಸುತ್ತ ಇಳಿಸುತ್ತ ಇರುತ್ತದೆ.

ಆದರೆ ದಾರಿ ಅಲುಗದ ಬಂಡೆಯಲ್ಲ. ಕಂಬಗಳ ಮೇಲೆ ಸಾಲಾಗಿ ಕೂತ ಸುಮಾರು 25 ಮೀಟರ್ ಉದ್ದದ ಗರ್ಡರ್‌ಗಳು ಭಾರಕ್ಕೆ ತುಸು ಬಾಗುತ್ತವೆ. ಪೂರ್ಣ ವೇಗದಲ್ಲಿ ರೈಲು ಸೆಕೆಂಡಿಗೆ 120 ಮೀಟರ್ ಸಾಗುವಾಗ ಹೆಚ್ಚುಕಡಿಮೆ ಐದು ಗರ್ಡರ್ ದಾಟುತ್ತದೆ. ಪ್ರತಿಯೊಂದೂ ಕೆಳಗಿನಿಂದ ಒಂದು ಏರಿಳಿತ ಕೊಡುತ್ತದೆ. ಅಚ್ಚರಿಯೆಂದರೆ, ರೈಲು ನಿಂತಲ್ಲೇ ತೇಲುವಾಗಲೂ ಕಂಪನ ಹುಟ್ಟಬಲ್ಲದು. ಕಾಂತ ಗರ್ಡರನ್ನು ಎಳೆಯುತ್ತದೆ, ಗರ್ಡರ್ ಬಾಗುತ್ತದೆ, ಸಂದು ಬದಲಾಗುತ್ತದೆ, ನಿಯಂತ್ರಕ ವಿದ್ಯುತ್ತನ್ನು ತಿದ್ದುತ್ತದೆ. ಅಳತೆಯಿಂದ ತಿದ್ದುಪಡಿಗೆ ಕೆಲವೇ ಮಿಲಿಸೆಕೆಂಡ್ ತಡವಾದರೂ, ಜೋಕಾಲಿಯನ್ನು ತಡೆಯಹೋದ ಕೈ ಹೊತ್ತು ತಪ್ಪಿ ತಳ್ಳಿಬಿಟ್ಟಂತೆ, ತಿದ್ದುಪಡಿಯೇ ಕಂಪನಕ್ಕೆ ಬಲ ತುಂಬುತ್ತದೆ. ವರ್ಜೀನಿಯಾದ ಓಲ್ಡ್ ಡೊಮಿನಿಯನ್ ವಿಶ್ವವಿದ್ಯಾಲಯದ ಆವರಣದಲ್ಲಿ ಕಡಿಮೆ ಖರ್ಚಿನಲ್ಲಿ ಕಟ್ಟಹೊರಟ ಮ್ಯಾಗ್ಲೆವ್ ಮಾರ್ಗವನ್ನು ಇಂಥ ಕುಲುಕಾಟವೇ ಕಾಡಿತು. ವಿದ್ಯಾರ್ಥಿಗಳನ್ನು ಹೊತ್ತು ಅದು ನಿತ್ಯ ಓಡಲೇ ಇಲ್ಲ.

ಗರ್ಡರನ್ನು ಇನ್ನಷ್ಟು ದಪ್ಪ, ಬಿಗಿ ಮಾಡಿದರೆ ಕಂಪನ ಅಡಗುತ್ತದೆ ನಿಜ. ಆದರೆ ಮ್ಯಾಗ್ಲೆವ್‌ನ ಹಣವೆಲ್ಲ ಕರಗುವುದು ಬಹುಪಾಲು ಆ ದಾರಿಯಲ್ಲೇ. ಈ ಸಂದಿನ ನಿಯಂತ್ರಣಕ್ಕೆ ನ್ಯೂರಲ್ ನೆಟ್‌ವರ್ಕ್, ಅಂದರೆ ಮಾಹಿತಿಯಿಂದ ಕಲಿಯುವ ಲೆಕ್ಕದ ಜಾಲವನ್ನು, ಬಳಸುವ ಸಂಶೋಧನೆಯನ್ನು ನಾನು ಆಸೆಯಿಂದ ಗಮನಿಸುವುದು ಇದೇ ಕಾರಣಕ್ಕೆ: ಕಾಂಕ್ರೀಟು ಹೊರುತ್ತಿರುವ ಹೊಣೆಯಲ್ಲಿ ಒಂದು ಪಾಲನ್ನು ಲೆಕ್ಕಾಚಾರಕ್ಕೆ ವಹಿಸಬಹುದು.

ಇಲ್ಲಿ ಬಳಸುವ ಜಾಲ ಮಾತಾಡುವ ಕಂಪ್ಯೂಟರುಗಳ ಹಿಂದಿರುವಂಥ ದೈತ್ಯವಲ್ಲ. ಬೆರಳೆಣಿಕೆಯಷ್ಟು ಘಟಕಗಳಿರುವ ಪುಟ್ಟ ಜಾಲವೂ ಸಾಕಾಗುತ್ತದೆ. ಸಂದು ಎಷ್ಟಿದೆ, ಯಾವ ವೇಗದಲ್ಲಿ ಬದಲಾಗುತ್ತಿದೆ ಎಂಬುದು ಅದಕ್ಕೆ ಸಿಗುವ ಮಾಹಿತಿ. ಹಳೆಯ ನಿಯಂತ್ರಕದ ಸಮೀಕರಣ ಒಂದು ನಿಗದಿತ ತೂಕ, ಒಂದು ನಿಗದಿತ ಬಿಗಿತವನ್ನು ನಂಬಿರುತ್ತದೆ. ಜನ ಹತ್ತಿ ಇಳಿದಂತೆ ತೂಕ ಬದಲಾಗುತ್ತದೆ, ಸುರುಳಿ ಬಿಸಿಯಾದಂತೆ ಅದರ ರೋಧ ಏರುತ್ತದೆ, ಪಕ್ಕದಿಂದ ಗಾಳಿ ನೂಕುತ್ತದೆ. ಲೆಕ್ಕಕ್ಕೂ ವಾಸ್ತವಕ್ಕೂ ಹೀಗೆ ಬೀಳುವ ಅಂತರವನ್ನು ಜಾಲವು ಓಟದ ನಡುವೆಯೇ ಅಂದಾಜು ಮಾಡಿ, ತನ್ನೊಳಗಿನ ಲೆಕ್ಕದ ಅಂಕಿಗಳನ್ನು ತಿದ್ದಿಕೊಳ್ಳುತ್ತ ಹಳೆಯ ನಿಯಂತ್ರಕಕ್ಕೆ ನೆರವಾಗುತ್ತದೆ. ಇನ್ನು ಕೆಲವು ವಿನ್ಯಾಸಗಳಲ್ಲಿ ಸಂದು ಕೆಲವು ಮಿಲಿಸೆಕೆಂಡ್ ಮುಂದೆ ಎಷ್ಟಿರುತ್ತದೆಂದು ಊಹಿಸಿ ವಿಳಂಬವನ್ನು ತುಂಬಿಕೊಡುತ್ತದೆ. ಐದು ಮಿಲಿಸೆಕೆಂಡ್ ಎಂದರೆ 431ರ ವೇಗದಲ್ಲಿ 60 ಸೆಂಟಿಮೀಟರ್ ದಾರಿ.

ಕಲಿಯುವ ಯಂತ್ರ ತಪ್ಪು ಕಲಿತರೆ? ರಷ್ಯಾದ ಗಣಿತಜ್ಞ ಅಲೆಕ್ಸಾಂಡರ್ ಲ್ಯಾಪುನೋವ್ 1892ರಲ್ಲಿ ಮಂಡಿಸಿದ ಸ್ಥಿರತೆಯ ಸಿದ್ಧಾಂತ ಇಲ್ಲಿ ಕೈಹಿಡಿಯುತ್ತದೆ. ದೋಷವೆಲ್ಲ ಸೇರಿದ ಒಂದು ಮೊತ್ತವನ್ನು ಶಕ್ತಿಯಂತೆ ಬರೆದುಕೊಂಡು, ಅದು ಒಂದು ಮಿತಿಯೊಳಗೇ ಉಳಿಯುವಂತೆ ಕಲಿಕೆಯ ನಿಯಮವನ್ನು ಹೆಣೆಯುತ್ತಾರೆ. ಜಾಲ ಎಷ್ಟು ಜಾಣ ಎಂಬುದಕ್ಕಿಂತ ಈ ಲಗಾಮು ಎಷ್ಟು ಭದ್ರ ಎಂಬುದೇ ನನಗೆ ಮುಖ್ಯ. ಗಣಿತದ ಮಾದರಿಯ ಊಹೆಗಳು ಮುರಿದಲ್ಲಿ ಆ ಖಾತರಿಯೂ ಮುರಿಯುತ್ತದೆ.

ಶಾಂಘೈನ ತೋಂಗ್ಜಿ ವಿಶ್ವವಿದ್ಯಾಲಯವೂ ಸೇರಿ ಹಲವೆಡೆ ಈ ಕೆಲಸ ನಡೆದಿದೆ. ಪ್ರಕಟವಾದುದರಲ್ಲಿ ಹೆಚ್ಚಿನದು ಕಂಪ್ಯೂಟರ್ ಅನುಕರಣೆ ಮತ್ತು ಪ್ರಯೋಗಾಲಯದ ಚಿಕ್ಕ ಮಾದರಿಗಳ ಮೇಲೆ. ಅತ್ತ 2021ರ ಜುಲೈನಲ್ಲಿ ಚಿಂಗ್‌ಡಾವ್‌ನ ಕಾರ್ಖಾನೆಯಿಂದ ಗಂಟೆಗೆ 600 ಕಿ.ಮೀ. ವೇಗಕ್ಕೆಂದು ರೂಪಿಸಿದ ಮ್ಯಾಗ್ಲೆವ್ ಹೊರಬಂದಿದೆ. ಆ ವೇಗಕ್ಕೆ ಈ ಜಾಲಗಳು ಒಗ್ಗುತ್ತವೆಯೇ ಎಂಬುದನ್ನು ಪ್ರಯೋಗಾಲಯದ ಒಂಟಿ ಕಾಂತ ಹೇಳಲಾರದು. ನಿಜವಾದ ಹಗುರ ಗರ್ಡರ್ ಮೇಲೆ, ತುಂಬಿದ ಬೋಗಿಯನ್ನು ಮೊದಲು ನಿಂತಲ್ಲೇ ತೇಲಿಸಿ, ಆಮೇಲೆ ಓಡಿಸಿ ನೋಡಬೇಕು.