ಕೇಳುವವರಿದ್ದರೆ ಸಂಸ್ಥೆ ಉಳಿಯುತ್ತದೆ



ವಾರ್ಷಿಕ ವರದಿ ಕೈಗೆ ಬಂದಾಗ ಹೆಚ್ಚಿನವರು ಮೊದಲು ನೋಡುವುದು ಎರಡು ಪುಟ. ಒಂದು ಜಮಾ-ಖರ್ಚಿನ ಪುಟ, ಇನ್ನೊಂದು ವಿದ್ಯಾರ್ಥಿವೇತನದ ಪ್ರಕಟಣೆ. ಹಣ ಎಷ್ಟು ಬಂತು, ಎಷ್ಟು ಹಂಚಿಕೆಯಾಯಿತು ಎಂಬುದು ಅಲ್ಲಿ ತಿಳಿಯುತ್ತದೆ. ಆದರೆ ಯಾರಿಗೆ ಕೊಡಬೇಕೆಂದು ತೀರ್ಮಾನಿಸಿದವರು ಯಾರು, ಯಾವ ನಿಯಮದಂತೆ ತೀರ್ಮಾನಿಸಿದರು, ಆ ತೀರ್ಮಾನ ಎಲ್ಲಿ ಬರೆದಿದೆ ಎಂದು ಕೇಳುವವರು ಕಡಿಮೆ. ಕೇಳಿದರೆ ಹಿರಿಯರ ಮೇಲೆ ಅನುಮಾನ ಪಟ್ಟಂತೆ ಆದೀತು ಎಂಬ ಸಂಕೋಚ ನಮ್ಮ ಜನರಲ್ಲಿದೆ. ಆ ಸಂಕೋಚ ಬೇಡ, ಕೇಳುವುದು ಸಂಸ್ಥೆಗೆ ಮಾಡುವ ಉಪಕಾರ ಎಂದು ತಿಳಿಸುವುದಕ್ಕಾಗಿ ಈ ಲೇಖನ.

ಸಂಘ ಬೇರೆ, ಟ್ರಸ್ಟ್ ಬೇರೆ

ನಮ್ಮ ಸುತ್ತಮುತ್ತ ಸಾರ್ವಜನಿಕ ಕೆಲಸ ಮಾಡುವ ಸಂಸ್ಥೆಗಳಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಸದಸ್ಯರ ಸಂಘ. ಇದು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯ ಕೆಳಗೆ ಬರುತ್ತದೆ. ಕನಿಷ್ಠ ಏಳು ಜನ ಸೇರಿ ಉದ್ದೇಶ ಮತ್ತು ನಿಯಮಾವಳಿ ಬರೆದು ನೋಂದಾಯಿಸಬೇಕು. ಪ್ರತಿ ವರ್ಷ ಸರ್ವಸದಸ್ಯರ ಮಹಾಸಭೆ ಕರೆಯಬೇಕು. ಸಭೆಯ ನಂತರ ಆಡಳಿತ ಮಂಡಳಿಯ ಪಟ್ಟಿಯನ್ನೂ ಪರಿಶೋಧಿತ ಲೆಕ್ಕವನ್ನೂ ನೋಂದಣಾಧಿಕಾರಿಗಳಿಗೆ ಸಲ್ಲಿಸಬೇಕು. ಸಂಘದಲ್ಲಿ ಏನೋ ಸರಿಯಿಲ್ಲ ಎನಿಸಿದರೆ ಸದಸ್ಯರಲ್ಲಿ ಮೂರನೇ ಒಂದು ಭಾಗದಷ್ಟು ಜನ ಅರ್ಜಿ ಕೊಟ್ಟು ವಿಚಾರಣೆ ಕೇಳಬಹುದು.

ಎರಡನೆಯದು ಟ್ರಸ್ಟ್. ಇಲ್ಲಿ ಟ್ರಸ್ಟ್ ಪತ್ರವೇ ಮೂಲ. ಉದ್ದೇಶವೇನು, ಟ್ರಸ್ಟಿಗಳು ಯಾರು, ಸ್ಥಾನ ತೆರವಾದರೆ ಹೇಗೆ ತುಂಬಬೇಕು ಎಂಬುದೆಲ್ಲ ಅದರಲ್ಲಿ ಬರೆದಿರುತ್ತದೆ. ಇಲ್ಲಿ ಸಾಮಾನ್ಯವಾಗಿ ದಾನಿಗಳಿಗೆ ಮತವಿಲ್ಲ, ವಿದ್ಯಾರ್ಥಿವೇತನ ಪಡೆಯುವ ಕುಟುಂಬಗಳಿಗೂ ಇಲ್ಲ. ಸಾರ್ವಜನಿಕ ಟ್ರಸ್ಟ್ ದಾರಿ ತಪ್ಪಿದರೆ, ಹಿತಾಸಕ್ತಿಯುಳ್ಳ ಇಬ್ಬರು ಅಥವಾ ಹೆಚ್ಚು ಜನ ನ್ಯಾಯಾಲಯದ ಅನುಮತಿ ಪಡೆದು ದಾವೆ ಹೂಡಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಂನಲ್ಲಿ ಅವಕಾಶವಿದೆ. ಆದರೆ ಅದು ಕೊನೆಯ ದಾರಿ. ಕೋರ್ಟಿನ ಮೆಟ್ಟಿಲು ಹತ್ತುವ ಹೊತ್ತಿಗೆ ಅರ್ಧ ಸಂಸ್ಥೆ ಹಾಳಾಗಿರುತ್ತದೆ.

ಸಂಘದ ಸದಸ್ಯರ ಕೈಯಲ್ಲಿ ಮತವಿದೆ. ಟ್ರಸ್ಟಿನ ಹಿತೈಷಿಗಳ ಕೈಯಲ್ಲಿ ಇರುವುದು ಪ್ರಶ್ನೆ ಮಾತ್ರ. ಆದ್ದರಿಂದ ಟ್ರಸ್ಟಿನಲ್ಲಿ ಪ್ರಶ್ನೆಗೆ ಬೆಲೆ ಇನ್ನೂ ಹೆಚ್ಚು.

ಕಣಗಿನಹಾಳದ ಪಾಠ

1997ರಲ್ಲಿ ಹಾವೇರಿ, ಗದಗ ಜಿಲ್ಲೆಗಳು ಆಗುವ ಮೊದಲು ನಮ್ಮ ಬಂಕಾಪುರವೂ ಗದಗ ಬಳಿಯ ಕಣಗಿನಹಾಳವೂ ಒಂದೇ ಧಾರವಾಡ ಜಿಲ್ಲೆಯಲ್ಲಿದ್ದವು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. ಮರುವರ್ಷ, 1905ರಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಕಣಗಿನಹಾಳದ ರೈತರು ಪತ್ತಿನ ಸಹಕಾರ ಸಂಘ ಕಟ್ಟಿದರು. ಭಾರತದ ಸಹಕಾರ ಚಳವಳಿಯ ಚರಿತ್ರೆ ಹೇಳುವವರು ಇಂದಿಗೂ ಆ ಊರಿನ ಹೆಸರಿನಿಂದ ಆರಂಭಿಸುತ್ತಾರೆ.

ಸಾಹುಕಾರರ ಬಡ್ಡಿಯಿಂದ ರೈತರನ್ನು ಬಿಡಿಸುವ ಉದ್ದೇಶ ಎಲ್ಲರಿಗೂ ಗೊತ್ತಿರುವುದೇ. ನಾವು ನೋಡಬೇಕಾದದ್ದು ಆ ಕಾಲದ ಗ್ರಾಮೀಣ ಸಂಘಗಳಿಗೆ ಕಾಯ್ದೆ ಹಾಕಿದ್ದ ಕಟ್ಟುಪಾಡುಗಳನ್ನು. ಶ್ರೀಮಂತನಾಗಲಿ ಬಡವನಾಗಲಿ ಒಬ್ಬ ಸದಸ್ಯನಿಗೆ ಒಂದೇ ಮತ. ಸಂಘದ ಸಾಲಕ್ಕೆ ಎಲ್ಲ ಸದಸ್ಯರೂ ಮಿತಿಯಿಲ್ಲದೆ ಹೊಣೆ. ವರ್ಷಕ್ಕೊಮ್ಮೆಯಾದರೂ ಸರ್ಕಾರದ ಕಡೆಯಿಂದ ಲೆಕ್ಕ ತಪಾಸಣೆ.

ಇದರ ಪರಿಣಾಮ ಏನೆಂದು ಯೋಚಿಸಿ. ಸಾಲ ತೆಗೆದುಕೊಂಡ ಒಬ್ಬ ಸದಸ್ಯ ತೀರಿಸದಿದ್ದರೆ ಪಕ್ಕದ ಹೊಲದವನಿಗೂ ಅದರ ಬಿಸಿ ತಟ್ಟುತ್ತಿತ್ತು. ಹೀಗಾಗಿ ಸಾಲ ಯಾರಿಗೆ, ಯಾತಕ್ಕೆ ಎಂದು ವಿಚಾರಿಸುವುದು ಪ್ರತಿಯೊಬ್ಬನ ಸ್ವಂತ ಕೆಲಸವಾಯಿತು. ಯಾರೂ ಅದನ್ನು ಅನುಮಾನ ಎನ್ನುವಂತಿರಲಿಲ್ಲ.

ನಮ್ಮಂಥ ಧರ್ಮಾರ್ಥ ಸಂಸ್ಥೆಯಲ್ಲಿ ಈ ಎಚ್ಚರ ತಾನಾಗಿ ಬರುವುದಿಲ್ಲ. ದಾನಿ ಅಲ್ಲಾಹನ ಹೆಸರಿನಲ್ಲಿ ಕೊಟ್ಟು ಮರೆಯುತ್ತಾರೆ. ಹಣ ತಪ್ಪು ಕೈಗೆ ಹೋದರೆ ದಾನಿಯ ಹೊಲವೇನೂ ಜಪ್ತಿಯಾಗುವುದಿಲ್ಲ. ನಷ್ಟವಾಗುವುದು ಪಟ್ಟಿಯಲ್ಲಿ ಹೆಸರು ಬರಬೇಕಾಗಿದ್ದು ಬಾರದೇ ಹೋದ ಒಬ್ಬ ಹುಡುಗಿಗೆ. ಪಿಯುಸಿ ಮುಗಿಸಿ ಮನೆಯಲ್ಲಿ ಕುಳಿತ ಆಕೆಗೆ ತನಗೆ ಅನ್ಯಾಯವಾಯಿತೆಂಬುದೂ ತಿಳಿಯುವುದಿಲ್ಲ. ದೂರು ಕೊಡುವವರೇ ಇಲ್ಲದ ನಷ್ಟ ಇದು. ಅದಕ್ಕೇ ಇಲ್ಲಿ ಎಚ್ಚರವನ್ನು ನಿಯಮದಿಂದಲೇ ಕಟ್ಟಬೇಕಾಗುತ್ತದೆ.

ಒಬ್ಬರ ಹೆಗಲ ಮೇಲಿನ ಸಂಸ್ಥೆ

ಒಳ್ಳೆಯ ಸಂಸ್ಥೆಗಳು ಕಳ್ಳತನದಿಂದ ಹಾಳಾಗುವುದಕ್ಕಿಂತ ಹೆಚ್ಚಾಗಿ ಒಬ್ಬರೇ ಎಲ್ಲವನ್ನೂ ಹೊತ್ತದ್ದರಿಂದ ಹಾಳಾಗುತ್ತವೆ. ಊರಿನಲ್ಲಿ ಒಬ್ಬ ಪ್ರಾಮಾಣಿಕ ಹಿರಿಯರಿರುತ್ತಾರೆ. ಚಂದಾ ಎತ್ತುವವರು ಅವರೇ, ಲೆಕ್ಕ ಬರೆಯುವವರು ಅವರೇ, ಚೆಕ್ಕಿಗೆ ಸಹಿ ಮಾಡುವವರೂ ಅವರೇ. ಜನರಿಗೆ ಅವರ ಮೇಲೆ ಪೂರ್ಣ ಭರವಸೆ, ಆದ್ದರಿಂದ ಸಭೆ ಸೇರುವುದಿಲ್ಲ. ನಡಾವಳಿ ಪುಸ್ತಕದ ಪುಟಗಳು ಖಾಲಿ ಉಳಿಯುತ್ತವೆ. ಒಂದು ದಿನ ಅವರು ಹಾಸಿಗೆ ಹಿಡಿದರೆ ಬ್ಯಾಂಕಿನಲ್ಲಿ ಹಣವಿದ್ದರೂ ತೆಗೆಯುವವರಿಲ್ಲ. ಯಾರ ಫೀ ಬಾಕಿಯಿದೆ ಎಂಬುದು ಅವರ ಜೇಬಿನ ಚೀಟಿಯಲ್ಲಿ ಮಾತ್ರ ಇರುತ್ತದೆ. ಅವರ ನಂತರ ಮಕ್ಕಳು ಒಂದು ಕಡೆ, ಊರವರು ಒಂದು ಕಡೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುವ ಗಾದೆ ಆಗ ನಿಜವಾಗುತ್ತದೆ.

ಇದರಲ್ಲಿ ಆ ಹಿರಿಯರ ಗುಣದ ದೋಷವಿಲ್ಲ, ವ್ಯವಸ್ಥೆಯ ದೋಷವಿದೆ. ಪರಿಹಾರವೂ ಸರಳ. ಬ್ಯಾಂಕ್ ಖಾತೆಗೆ ಇಬ್ಬರ ಜಂಟಿ ಸಹಿ ಇರಲಿ. ಹಣ ಪಡೆಯುವವರು ಒಬ್ಬರು, ಲೆಕ್ಕ ಬರೆಯುವವರು ಇನ್ನೊಬ್ಬರು ಆಗಲಿ. ಪ್ರತಿ ಠರಾವು ಅದೇ ಸಭೆಯಲ್ಲಿ ಬರೆದು ಸಹಿಯಾಗಲಿ. ಅಧ್ಯಕ್ಷರ, ಕಾರ್ಯದರ್ಶಿಗಳ ಅವಧಿಗೆ ಕೊನೆಯಿರಲಿ. ಅವಧಿ ಮುಗಿದ ಅಧ್ಯಕ್ಷರು ಸಲಹೆಗಾರರಾಗಿ ಉಳಿದು, ಹೊಸಬರು ಅವರ ಕಣ್ಣೆದುರೇ ಕೆಲಸ ಕಲಿತರೆ ಅದಕ್ಕಿಂತ ದೊಡ್ಡ ಗೌರವ ಅವರಿಗೆ ಬೇರೆ ಇಲ್ಲ.

ಈ ಶಿಸ್ತು ನಮ್ಮ ತಾಯಂದಿರಿಗೆ ಹೊಸದಲ್ಲ. 2000-01ರಲ್ಲಿ ಸರ್ಕಾರ ಸ್ತ್ರೀಶಕ್ತಿ ಯೋಜನೆ ಆರಂಭಿಸಿದ ಮೇಲೆ ಹಳ್ಳಿ ಹಳ್ಳಿಗಳಲ್ಲಿ ಸಂಘಗಳಾದವು. ವಾರದ ಉಳಿತಾಯವನ್ನು ಎಲ್ಲರೆದುರು ಎಣಿಸಿ ಪುಸ್ತಕದಲ್ಲಿ ಬರೆಯುವುದು, ಸಾಲವನ್ನು ಸಭೆಯಲ್ಲೇ ಕೇಳಿ ಸಭೆಯಲ್ಲೇ ಮಂಜೂರು ಮಾಡುವುದು ಅಲ್ಲಿನ ರೂಢಿ. ಅಕ್ಷರ ಬಾರದ ಸದಸ್ಯೆ ಕೂಡ ತನ್ನ ಪುಸ್ತಕದಲ್ಲಿ ಎಷ್ಟಿದೆ ಎಂದು ಹೇಳಬಲ್ಲಳು. ಆ ತಾಯಿ ತನ್ನ ಮಗನ ವಿದ್ಯಾರ್ಥಿವೇತನದ ವಿಷಯದಲ್ಲಿ ಮಾತ್ರ ದೊಡ್ಡವರ ಮುಂದೆ ಬಾಯಿ ತೆರೆಯಲು ಏಕೆ ಹಿಂಜರಿಯಬೇಕು?

ನೆಂಟರ ಅರ್ಜಿ ಬಂದಾಗ

ಸಣ್ಣ ಊರಿನಲ್ಲಿ ಎಲ್ಲರೂ ಎಲ್ಲರಿಗೂ ನೆಂಟರೇ. ಟ್ರಸ್ಟಿಗಳ ಅಣ್ಣ-ತಮ್ಮಂದಿರ ಮಕ್ಕಳೂ ಅರ್ಜಿ ಹಾಕುತ್ತಾರೆ, ಅವರಲ್ಲಿಯೂ ನಿಜವಾಗಿ ಕಷ್ಟದಲ್ಲಿರುವವರು ಇರುತ್ತಾರೆ. ನೆಂಟರೆಂದು ಕೊಡುವುದು ಎಷ್ಟು ತಪ್ಪೋ, ನೆಂಟರೆಂಬ ಒಂದೇ ಕಾರಣಕ್ಕೆ ಬಿಡುವುದೂ ಅಷ್ಟೇ ತಪ್ಪು. ಸರಿಯಾದ ಕ್ರಮ ಇದು: ಸಂಬಂಧವಿರುವ ಟ್ರಸ್ಟಿ ಅದನ್ನು ಮೊದಲೇ ಸಭೆಗೆ ತಿಳಿಸಬೇಕು, ಆ ಅರ್ಜಿಯ ಚರ್ಚೆಯಾಗುವಾಗ ಹೊರಗೆ ಹೋಗಬೇಕು, ಹೊರಗೆ ಹೋದದ್ದು ನಡಾವಳಿಯಲ್ಲಿ ದಾಖಲಾಗಬೇಕು. ಅಂಕ, ಆದಾಯ, ತಂದೆ ಇಲ್ಲದ ಮಕ್ಕಳು, ಮನೆಯಲ್ಲಿ ಓದುವವರ ಸಂಖ್ಯೆ ಇವುಗಳಿಗೆ ಎಷ್ಟು ತೂಕ ಎಂಬುದನ್ನು ಅರ್ಜಿ ಕರೆಯುವ ಮೊದಲೇ ಪ್ರಕಟಿಸಬೇಕು. ಅರ್ಜಿ ನೋಡಿದ ಮೇಲೆ ನಿಯಮ ಮಾಡಿದರೆ ಅದು ನಿಯಮವಾಗುವುದಿಲ್ಲ.

ಝಕಾತಿನ ಹಣಕ್ಕೆ ಇನ್ನೂ ಒಂದು ಎಚ್ಚರ ಬೇಕು. ಅದು ಸಲ್ಲಬೇಕಾದ ಎಂಟು ವರ್ಗಗಳನ್ನು ಪವಿತ್ರ ಕುರ್‌ಆನ್ ನಿಗದಿ ಮಾಡಿದೆ. ಸದಕಾ ಮತ್ತು ಸಾಮಾನ್ಯ ದೇಣಿಗೆಯೊಂದಿಗೆ ಅದು ಬೆರೆತರೆ ಯಾವ ರೂಪಾಯಿ ಎಲ್ಲಿಗೆ ಹೋಯಿತೆಂದು ಯಾರೂ ಹೇಳಲಾರರು. ಬೇರೆ ಖಾತೆ, ಬೇರೆ ಪಾವತಿ ಪುಸ್ತಕ ಇರಬೇಕು ಎನ್ನುವುದು ಇದೇ ಕಾರಣಕ್ಕೆ. ಅಮಾನತ್ ಎಂಬ ಮಾತಿಗೆ ಲೆಕ್ಕದ ಭಾಷೆಯಲ್ಲಿ ಇರುವ ಅರ್ಥ ಇದು.

ಹಕ್ಕು ಮತ್ತು ಹೊಣೆ

ಅಲ್ಪಸಂಖ್ಯಾತರು ತಮ್ಮ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಸಂವಿಧಾನದ 30ನೇ ವಿಧಿ ಕೊಟ್ಟಿದೆ. ಆ ಹಕ್ಕಿನ ಬಗ್ಗೆ ನಾವು ಹೆಮ್ಮೆಯಿಂದ ಮಾತನಾಡುತ್ತೇವೆ. ಆದರೆ ಕೇರಳ ಶಿಕ್ಷಣ ಮಸೂದೆಯ ವಿಷಯದಲ್ಲಿ 1958ರಲ್ಲೇ ಸುಪ್ರೀಂ ಕೋರ್ಟ್ ಒಂದು ಮಾತು ಸ್ಪಷ್ಟಪಡಿಸಿತು: ಆಡಳಿತ ನಡೆಸುವ ಹಕ್ಕಿನಲ್ಲಿ ದುರಾಡಳಿತದ ಹಕ್ಕು ಸೇರಿಲ್ಲ. ಸಭೆ ಕರೆಯದೆ, ಲೆಕ್ಕ ತೋರಿಸದೆ ನಡೆಯುವ ಸಂಸ್ಥೆ ಹೊರಗಿನವರ ಕೈ ಒಳಗೆ ಬರಲು ತಾನೇ ಬಾಗಿಲು ತೆರೆದಂತೆ. ನಮ್ಮ ಹಕ್ಕನ್ನು ಕಾಯುವುದು ಭಾಷಣಕ್ಕಿಂತ ಹೆಚ್ಚಾಗಿ ಕಿರ್ದಿ ಪುಸ್ತಕ.

ದಾನಿಗಳು ಕೇಳಬೇಕಾದ ಪ್ರಶ್ನೆಗಳು

ಯಾವ ಸಂಸ್ಥೆಗೆ ಕೊಟ್ಟರೂ, ನಮ್ಮ ಟ್ರಸ್ಟಿಗೂ ಸೇರಿಸಿ, ಇಷ್ಟನ್ನು ಕೇಳಿ. ಕಳೆದ ವರ್ಷ ಎಷ್ಟು ಸಭೆಗಳಾದವು, ಎಷ್ಟು ಟ್ರಸ್ಟಿಗಳು ಹಾಜರಿದ್ದರು? ಲೆಕ್ಕ ತಪಾಸಣೆ ಮಾಡಿದವರು ಆಡಳಿತ ಮಂಡಳಿಗೆ ಸಂಬಂಧಪಡದ ಚಾರ್ಟರ್ಡ್ ಅಕೌಂಟೆಂಟರೇ? ಆಯ್ಕೆ ಸಮಿತಿಯಲ್ಲಿ ಯಾರಿದ್ದಾರೆ, ಮಹಿಳೆಯರಿದ್ದಾರೆಯೇ? ಟ್ರಸ್ಟಿಗಳ ಸಂಬಂಧಿಕರಿಗೆ ಏನಾದರೂ ಸಂದಾಯವಾಗಿದೆಯೇ? ಈಗಿನ ಕಾರ್ಯದರ್ಶಿಗಳು ನಾಳೆ ಇಲ್ಲದಿದ್ದರೆ ಕೆಲಸ ಯಾರು ನಡೆಸುತ್ತಾರೆ?

ಪಾವತಿ ಪಡೆಯದೆ ಹಣ ಕೊಡಬೇಡಿ. ಆದಷ್ಟು ಬ್ಯಾಂಕಿನ ಮೂಲಕ ಕೊಡಿ. 2,000 ರೂಪಾಯಿಗಿಂತ ಹೆಚ್ಚನ್ನು ನಗದಾಗಿ ಕೊಟ್ಟರೆ ಆದಾಯ ತೆರಿಗೆಯಲ್ಲಿ 80ಜಿ ರಿಯಾಯಿತಿಯೂ ಸಿಗುವುದಿಲ್ಲ.

ತಂದೆ-ತಾಯಂದಿರಿಗೆ, ವಿದ್ಯಾರ್ಥಿಗಳಿಗೆ

ಅರ್ಜಿ ಕೊಟ್ಟಾಗ ಸ್ವೀಕೃತಿ ಕೇಳಿ ಪಡೆಯಿರಿ. ಅರ್ಜಿಗೆ, ಶಿಫಾರಸಿಗೆ, ಮಂಜೂರಾತಿಗೆ ಯಾರಿಗೂ ಒಂದು ರೂಪಾಯಿ ಕೊಡಬೇಕಾಗಿಲ್ಲ. ಹಣ ವಿದ್ಯಾರ್ಥಿಯ ಬ್ಯಾಂಕ್ ಖಾತೆಗೆ ಅಥವಾ ನೇರವಾಗಿ ಕಾಲೇಜಿಗೆ ಬರಬೇಕು, ಮಧ್ಯೆ ಇನ್ನೊಬ್ಬರ ಕೈ ಇರಬಾರದು. ಅರ್ಜಿ ಮಂಜೂರಾಗದಿದ್ದರೆ ಕಾರಣ ಕೇಳುವುದು ತಮ್ಮ ಹಕ್ಕು, ಹೇಳುವುದು ನಮ್ಮ ಕರ್ತವ್ಯ.

ವಿದ್ಯಾರ್ಥಿಗಳಿಗೆ ಒಂದು ಮಾತು. ಓದು ಮುಗಿದು ಕೆಲಸ ಸಿಕ್ಕ ಮೇಲೆ ಟ್ರಸ್ಟಿಗೆ ಹಣ ಕಳಿಸಿದರೆ ಸಂತೋಷ. ಅದಕ್ಕಿಂತ ಹೆಚ್ಚಿನ ಸಂತೋಷ ಸಭೆಗೆ ಬಂದು ಕುಳಿತರೆ, ಲೆಕ್ಕದ ಪುಸ್ತಕ ಬಿಚ್ಚಿ ನೋಡಿದರೆ, ಮುಂದೆ ಆಯ್ಕೆ ಸಮಿತಿಯ ಹೊಣೆ ಹೊತ್ತರೆ. ವೇತನ ಪಡೆದು ಓದಿದವರಿಗೆ ಅರ್ಜಿದಾರರ ಮನೆಯ ಪರಿಸ್ಥಿತಿ ನಮಗಿಂತ ಚೆನ್ನಾಗಿ ಅರ್ಥವಾಗುತ್ತದೆ. ನಮ್ಮ ತಲೆಗೂದಲು ಬೆಳ್ಳಗಾಗಿವೆ. ಕುರ್ಚಿ ಬಿಟ್ಟುಕೊಡಲು ನಾವು ಸಿದ್ಧರಿದ್ದೇವೆ, ಕುಳಿತುಕೊಳ್ಳುವವರು ಮುಂದೆ ಬರಬೇಕು.

ಈ ವರ್ಷದ ಅರ್ಜಿ ಕರೆ, ಅರ್ಹತೆಯ ನಿಯಮಗಳು ಮತ್ತು ಪರಿಶೋಧಿತ ಲೆಕ್ಕ ಮುಂದಿನ ಪುಟಗಳಲ್ಲಿವೆ. ಓದಿ, ಮನೆಯಲ್ಲಿ ಓದಿಸಿ, ತಿಳಿಯದಿದ್ದಲ್ಲಿ ಪೆನ್ಸಿಲ್ ಗುರುತು ಹಾಕಿಕೊಂಡು ಸಭೆಗೆ ತನ್ನಿ.