ಮದ್ಯವ್ಯಸನ ಬಿಡುವ ಸಿದ್ಧತೆ ಮತ್ತು ಕುಟುಂಬ

ಮದ್ಯವ್ಯಸನಿಯು ಕುಡಿತವನ್ನು ಬಿಡಲು ಅಥವಾ ತಗ್ಗಿಸಲು ತೋರುವ ಮಾನಸಿಕ ಸನ್ನದ್ಧತೆಯನ್ನು ಬದಲಾವಣೆಯ ಸಿದ್ಧತೆ ಎನ್ನಲಾಗುತ್ತದೆ. ಇದು ವ್ಯಕ್ತಿಯ ಸಂಕಲ್ಪಬಲವನ್ನಷ್ಟೇ ಅವಲಂಬಿಸಿರದೆ, ಮನೆಯವರ ಮಾತು ಮತ್ತು ವರ್ತನೆಯಿಂದಲೂ ಪ್ರಭಾವಿತವಾಗುತ್ತದೆ.

ಬದಲಾವಣೆಯ ಹಂತಗಳು

ಅಮೆರಿಕದ ಮನಶ್ಶಾಸ್ತ್ರಜ್ಞರಾದ ಜೇಮ್ಸ್ ಪ್ರೊಚಾಸ್ಕಾ ಮತ್ತು ಕಾರ್ಲೊ ಡಿಕ್ಲೆಮೆಂಟೆ ಅವರ ಮಾದರಿಯ ಪ್ರಕಾರ, ಸಮಸ್ಯೆಯನ್ನೇ ಒಪ್ಪದಿರುವುದು, ಇಬ್ಬಗೆಯ ಮನಸ್ಸು, ಸಿದ್ಧತೆ, ಕ್ರಿಯೆ ಮತ್ತು ಪಾಲನೆ ಎಂಬ ಹಂತಗಳಲ್ಲಿ ಬದಲಾವಣೆ ನಡೆಯುತ್ತದೆ. ನಡುವೆ ಮರಳಿ ಕುಡಿತಕ್ಕೆ ಬೀಳುವುದೂ ಸಾಮಾನ್ಯ. ಆರಂಭದ ಹಂತಗಳಲ್ಲಿ ವ್ಯಸನಿಯು ತಾನಾಗಿ ವೈದ್ಯರ ಬಳಿಗೆ ಹೋಗುವುದು ವಿರಳವಾದ್ದರಿಂದ, ಆಗ ಕುಟುಂಬದ ಪಾತ್ರ ಮುಖ್ಯವಾಗುತ್ತದೆ.

ಕುಟುಂಬದ ವರ್ತನೆ

ಬೈಗುಳ, ಬೆದರಿಕೆ ಮತ್ತು ಅವಮಾನಗಳು ವ್ಯಸನಿಯನ್ನು ಆತ್ಮಸಮರ್ಥನೆಗೆ ದೂಡಬಹುದು. ಸಾಲ ತೀರಿಸುವುದು, ಕೆಲಸದ ಸ್ಥಳಕ್ಕೆ ಸುಳ್ಳು ಕಾರಣ ಹೇಳುವುದು ಮೊದಲಾದವು ಕುಡಿತದ ದುಷ್ಪರಿಣಾಮವನ್ನು ಅವರಿಂದಲೇ ಮರೆಮಾಚುತ್ತವೆ. ಈ ಎರಡೂ ಬಗೆಯ ವರ್ತನೆಗಳು ಕಾಳಜಿ ಮತ್ತು ಹತಾಶೆಯಿಂದ ಹುಟ್ಟುವಂಥವು. ಹಾಗೆಂದು ಕುಡಿತಕ್ಕೆ ಕುಟುಂಬವೇ ಕಾರಣವೆನ್ನಲಾಗದು.

ಕ್ರಾಫ್ಟ್ ವಿಧಾನ

ರಾಬರ್ಟ್ ಮೇಯರ್ಸ್ ರೂಪಿಸಿದ ‘ಕ್ರಾಫ್ಟ್’ ವಿಧಾನದಲ್ಲಿ ವ್ಯಸನಿಯ ಬದಲು ಮನೆಯವರಿಗೆ ತರಬೇತಿ ನೀಡಲಾಗುತ್ತದೆ. ಕುಡಿಯದಿರುವಾಗ ಮೆಚ್ಚುಗೆ ಸೂಚಿಸಿ ಜೊತೆಯಲ್ಲಿ ಕಾಲ ಕಳೆಯುವುದು, ಕುಡಿದಾಗ ಜಗಳವಾಡದೆ ದೂರ ಸರಿಯುವುದು, ತಕ್ಕ ಸಮಯ ನೋಡಿ ಚಿಕಿತ್ಸೆಯ ಮಾತೆತ್ತುವುದು ಇದರ ಮುಖ್ಯ ಅಂಶಗಳು.

1999ರಲ್ಲಿ ಮಿಲ್ಲರ್, ಮೇಯರ್ಸ್ ಮತ್ತು ಟೋನಿಗನ್ ಪ್ರಕಟಿಸಿದ ಅಧ್ಯಯನದಲ್ಲಿ, ಚಿಕಿತ್ಸೆಯನ್ನು ನಿರಾಕರಿಸುತ್ತಿದ್ದ ಕುಡುಕರ 130 ಮಂದಿ ಆಪ್ತರನ್ನು ಮೂರು ಗುಂಪುಗಳಾಗಿ ವಿಂಗಡಿಸಲಾಗಿತ್ತು. ಕ್ರಾಫ್ಟ್ ಗುಂಪಿನಲ್ಲಿ ಶೇ. 64ರಷ್ಟು ವ್ಯಸನಿಗಳು ಚಿಕಿತ್ಸೆಗೆ ಬಂದರು. ಮನೆಯವರೆಲ್ಲ ಸೇರಿ ವ್ಯಸನಿಯನ್ನು ಎದುರಿಸುವ ಜಾನ್ಸನ್ ವಿಧಾನದಲ್ಲಿ ಈ ಪ್ರಮಾಣ ಶೇ. 30 ಇತ್ತು, ಆ ಗುಂಪಿನ ಹೆಚ್ಚಿನ ಕುಟುಂಬಗಳು ಅಂತಹ ಮುಖಾಮುಖಿಯನ್ನು ನಡೆಸಲೇ ಇಲ್ಲ. ಕುಟುಂಬದವರ ಸ್ವಸಹಾಯ ಕೂಟವಾದ ಅಲ್-ಅನಾನ್‌ನ ತತ್ತ್ವವನ್ನು ಆಧರಿಸಿದ ಗುಂಪಿನಲ್ಲಿ ಇದು ಶೇ. 13 ಆಗಿತ್ತು. ಆದರೆ ಮನೆಯವರ ಸ್ವಂತ ಸ್ಥಿತಿಯು ಮೂರೂ ಗುಂಪುಗಳಲ್ಲಿ ಹೆಚ್ಚುಕಡಿಮೆ ಸಮನಾಗಿ ಸುಧಾರಿಸಿತು. ವ್ಯಸನಿಯು ಚಿಕಿತ್ಸೆಗೆ ಒಪ್ಪದಿದ್ದರೂ ಕುಟುಂಬಕ್ಕೆ ನೆರವು ವ್ಯರ್ಥವಾಗದೆಂಬುದನ್ನು ಇದು ಸೂಚಿಸುತ್ತದೆ.

ಎಚ್ಚರಿಕೆಗಳು

ಮನೆಯಲ್ಲಿ ಹಿಂಸೆಯಿದ್ದಲ್ಲಿ ಹೆಂಡತಿ ಮಕ್ಕಳ ಸುರಕ್ಷತೆಯೇ ಮೊದಲ ಆದ್ಯತೆ. ದೀರ್ಘಕಾಲ ವಿಪರೀತವಾಗಿ ಕುಡಿದವರು ಏಕಾಏಕಿ ನಿಲ್ಲಿಸಿದರೆ ಸೆಳವು, ಸನ್ನಿ ಉಂಟಾಗಿ ಪ್ರಾಣಾಪಾಯವೂ ಆಗಬಹುದಾದ್ದರಿಂದ ಮನೆಯವರು ಒತ್ತಾಯದಿಂದ ಕುಡಿತ ಬಿಡಿಸದೆ ವೈದ್ಯರ ನೆರವು ಪಡೆಯಬೇಕು. ಕರ್ನಾಟಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವನ್ನು ಹೊಂದಿದೆ.